ಸರ್ಕಾರಿ ವಿಶ್ವವಿದ್ಯಾನಿಲಯ, ಖಾಸಗಿ ವಿಶ್ವವಿದ್ಯಾನಿಲಯ ಮತ್ತು ನಡುವಣ ಹಾದಿ

೧

ತುಮಕೂರಿನ ಹೆದ್ದಾರಿಯಲ್ಲಿ ಬೆಂಗಳೂರನ್ನು ಬಿಟ್ಟು ವಾಯವ್ಯಕ್ಕೆ ನಡೆದರೆ ಪೀಣ್ಯ, ದಾಸರಹಳ್ಳಿಗಳ ಆಚೆಗೆ ನಾಗಸಂದ್ರವೆಂಬ ಊರು ದೊರೆಯುತ್ತದೆ. ಬೆಂಗಳೂರಿನ ಆಸುಪಾಸಿನಲ್ಲಿ ಸಂದ್ರವೆಂದು ಕೊನೆಗೊಳ್ಳುವ ಗ್ರಾಮನಾಮಗಳು ಹಲವಿವೆ. ಚಿಕ್ಕಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ ಮೊದಲಾದವು. ಇವುಗಳ ಉತ್ತರಪದವು ಸಮುದ್ರ ಶಬ್ದದಿಂದ ಬಂದುದೆಂದೂ, ಸಮುದ್ರವೆಂದರೆ ಇಲ್ಲಿ ದೊಡ್ಡ ಕೆರೆಯೆಂದೂ ವಾಚಕರು ಬಲ್ಲರು. ಇದೇ ಹೆಸರಿನ ಇನ್ನೊಂದು ಊರು ಬಸವನಗುಡಿಯ ಮಗ್ಗುಲಲ್ಲಿದ್ದಿತು, ಇಂದು ಡಿ.ವಿ.ಜಿ. ರಸ್ತೆಯೆನಿಸಿಕೊಂಡಿರುವುದು ಮೊದಲು ನಾಗಸಂದ್ರ ರಸ್ತೆಯೆಂದೇ ಹೆಸರಾಗಿತ್ತು. ಎರಡನ್ನೂ ಒಂದೆಂದು ಯಾರೂ ಭ್ರಮಿಸದಿರಲೆಂದು ಇಷ್ಟನ್ನು ಮೊದಲೇ ಹೇಳಿದೆವು. ಪ್ರಕೃತ ನಮಗೆ ಬೇಕಾದುದು ಬಡಗಣ ನಾಗಸಂದ್ರ.

ಈ ಊರನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಇಲ್ಲಿಂದ ಯಶವಂತಪುರದ ಕಡೆಗೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ. ಮೂಡಲಿಗೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಹತ್ತಿರದಲ್ಲೇ ಪೀಣ್ಯದ ಕಾರ್ಖಾನೆಗಳ ನಡುವೆ ರಾಮಯ್ಯ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ಶಾಖೆ. ಯಲಹಂಕದ ಬದಿಯಲ್ಲಿ ರೇವಾ ವಿಶ್ವವಿದ್ಯಾನಿಲಯ. ಇವುಗಳಲ್ಲಿ ಒಂದು ದಾನದಿಂದ ಹುಟ್ಟಿ ಸರ್ಕಾರದ ಆಶ್ರಯಕ್ಕೆ ಬಂದುದು, ಒಂದು ಸರ್ಕಾರವೇ ಕಟ್ಟಿದುದು, ಉಳಿದೆರಡು ಖಾಸಗಿಯವರು ನಡೆಸತಕ್ಕವು. ಇವೆಲ್ಲವುಗಳ ನಡುವೆ ಪೀಣ್ಯದ ಸಣ್ಣ ಕೈಗಾರಿಕೆಗಳಲ್ಲಿ ದುಡಿಯುವ ಸಂಸಾರಗಳು ವಾಸವಾಗಿವೆ. ಆ ಸಂಸಾರವೊಂದರ ಹುಡುಗಿ ಎಸ್.ಎಸ್.ಎಲ್.ಸಿ. ಮುಗಿಸಿ ಮೂರು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಓದಿ ಡಿಪ್ಲೊಮಾ ಪಡೆದಳೆಂದು ಭಾವಿಸೋಣ. ಅವಳಿಗೆ ಪದವಿಯ ಬಾಗಿಲು ಎಲ್ಲಿ ತೆರೆದಿದೆ, ಯಾರು ತೆರೆಯುತ್ತಾರೆ, ಓದಿ ಬಂದ ವರ್ಷಗಳಲ್ಲಿ ಎಷ್ಟನ್ನು ಲೆಕ್ಕಕ್ಕೆ ಹಿಡಿಯುತ್ತಾರೆ? ಸರ್ಕಾರಿ ವಿಶ್ವವಿದ್ಯಾನಿಲಯ ಉತ್ತಮವೋ ಖಾಸಗಿಯದು ಉತ್ತಮವೋ ಎಂಬ ಚರ್ಚೆ ಈಚೆಗೆ ಪತ್ರಿಕೆಗಳಲ್ಲಿಯೂ ಮನೆಗಳಲ್ಲಿಯೂ ಬಹಳವಾಗಿ ನಡೆಯುತ್ತಿದೆ. ಶುಲ್ಕ, ಕಟ್ಟಡ, ಉದ್ಯೋಗ ಇವುಗಳೇ ಅಲ್ಲಿ ತಕ್ಕಡಿಯ ತೂಕದ ಕಲ್ಲುಗಳು. ನಮ್ಮ ನಾಡಿನ ವಿದ್ಯಾಚರಿತ್ರೆಯನ್ನು ನೋಡಿದರೆ ಬೇರೊಂದು ಪ್ರಶ್ನೆಯೇ ಹೆಚ್ಚು ಹಳೆಯದೆಂದೂ ಹೆಚ್ಚು ಮುಖ್ಯವೆಂದೂ ತೋರುತ್ತದೆ. ಮತ್ತೊಂದೆಡೆ ಓದಿ ಬಂದವನನ್ನು ಒಳಗೆ ಕರೆದುಕೊಳ್ಳತಕ್ಕ ಕರ್ತವ್ಯ ಯಾರದು ಎಂಬುದೇ ಆ ಪ್ರಶ್ನೆ.

೨

ಮೈಸೂರು ಸಂಸ್ಥಾನದಲ್ಲಿ ಉನ್ನತ ವಿದ್ಯೆಯು ಮೊದಲು ಮದರಾಸಿನ ಅಂಕಿತದಲ್ಲಿದ್ದಿತು. ೧೮೫೮ರಲ್ಲಿ ಬೆಂಗಳೂರು ಹೈಸ್ಕೂಲೆಂದು ಆರಂಭವಾಗಿ ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರು ತಳೆದ ವಿದ್ಯಾಶಾಲೆಯೂ, ಮೈಸೂರಿನ ಮಹಾರಾಜಾ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟಿದ್ದುವು. ಪಾಠ ಇಲ್ಲಿ, ಪರೀಕ್ಷೆಯ ಅಧಿಕಾರ ಅಲ್ಲಿ. ೧೯೧೬ರ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಈ ಸಂಬಂಧವು ಕಡಿದುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮೊದಲ ಕುಲಪತಿಗಳು, ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು, ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವೆಂಬ ಕೀರ್ತಿ ಇದಕ್ಕೆ ಸಲ್ಲುತ್ತದೆ.

ಅದೇ ೧೯೧೬ನೆಯ ವರ್ಷದ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಸೇರಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು, ಎಂದರೆ ಕೆ.ಎಲ್.ಇ. ಸಂಸ್ಥೆಯನ್ನು, ಆರಂಭಿಸಿದರು. ಅಲ್ಲಿ ಕನ್ನಡದ ರಾಜನಿರಲಿಲ್ಲ. ಬೊಂಬಾಯಿಯ ಸರ್ಕಾರವು ದೂರದಲ್ಲಿತ್ತು. ಆದುದರಿಂದ ವಿದ್ಯೆಯ ಭಾರವನ್ನು ಜನರೇ ಹೊರಬೇಕಾಯಿತು. ದಕ್ಷಿಣದಲ್ಲಿ ಅರಸು ಕಟ್ಟಿದನು, ಉತ್ತರದಲ್ಲಿ ಮೇಷ್ಟ್ರುಗಳು ಕಟ್ಟಿದರು, ವರ್ಷವೊಂದೇ. ಈ ಎರಡು ಬೀಜಗಳನ್ನು ಜೊತೆಯಲ್ಲಿಟ್ಟು ನೋಡದೆ ಕನ್ನಡನಾಡಿನ ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲವೆಂದು ನಮ್ಮ ಅಭಿಪ್ರಾಯ. ಖಾಸಗಿ ವಿದ್ಯಾಸಂಸ್ಥೆಯೆಂಬುದು ೧೯೯೦ರ ಈಚೆಯ ಮುಕ್ತ ಆರ್ಥಿಕನೀತಿಯ ಕೂಸೆಂದು ಹೇಳುವವರು ಬೆಳಗಾವಿಯನ್ನು ಮರೆತಿರುತ್ತಾರೆ.

ಯಶವಂತಪುರದ ಬಳಿಯ ವಿಜ್ಞಾನ ಸಂಸ್ಥೆಯ ಕಥೆಯೂ ಇದನ್ನೇ ಹೇಳುತ್ತದೆ. ಜೆಮ್‌ಶೆಟ್‌ಜಿ ಟಾಟಾ ಅವರು ತಮ್ಮ ಆಸ್ತಿಯ ಒಂದು ಭಾಗವನ್ನು ವಿಜ್ಞಾನಪೀಠಕ್ಕೆಂದು ಮುಡಿಪಿಟ್ಟು ೧೯೦೪ರಲ್ಲಿ ತೀರಿಕೊಂಡರು. ಮೈಸೂರು ಸರ್ಕಾರವು ೩೭೧ ಎಕರೆ ಭೂಮಿಯನ್ನೂ ವರ್ಷಾಶನವನ್ನೂ ಕೊಟ್ಟಿತು. ಹಿಂದೂಸ್ಥಾನ ಸರ್ಕಾರವು ೧೯೦೯ರಲ್ಲಿ ಅದಕ್ಕೆ ಶಾಸನರೂಪವನ್ನಿತ್ತಿತು. ಹಣ ವರ್ತಕನದು, ನೆಲ ಅರಸನದು, ಮುದ್ರೆ ವೈಸರಾಯಿಯದು. ಇದನ್ನು ಸರ್ಕಾರಿಯೆನ್ನೋಣವೋ ಖಾಸಗಿಯೆನ್ನೋಣವೋ? ಆ ಕಾಲದವರು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ. ಅವರಿಗೆ ತೊಡಕಾಗಿದ್ದುದು ಬೇರೆ: ಸಂಸ್ಥೆಗೆ ಪದವಿ ಕೊಡುವ ಅಧಿಕಾರವಿರಲಿಲ್ಲ. ೧೯೫೮ರಲ್ಲಿ ವಿಶ್ವವಿದ್ಯಾನಿಲಯವೆಂದು ಪರಿಗಣಿತವಾಗುವ ತನಕ ಅದು ‘ಅಸೋಸಿಯೇಟ್’ ಎಂಬ ಬಿರುದನ್ನು ಕೊಡುತ್ತಿತ್ತು. ಐವತ್ತು ವರ್ಷಗಳಷ್ಟು ಕಾಲ ನಾಡಿನ ಅತ್ಯುತ್ತಮ ಸಂಶೋಧನಶಾಲೆಯೊಂದು ಪದವಿಯಿಲ್ಲದೆ ಬಾಳಿತೆಂಬುದನ್ನು ಇಂದು ಹೊಸ ಹೊಸ ಪದವಿಗಳ ಹೆಸರುಗಳನ್ನು ಹುಟ್ಟಿಸುತ್ತಿರುವವರು ನೆನೆಯುವುದು ಒಳ್ಳೆಯದು.

೩

ಹಳೆಯ ವ್ಯವಸ್ಥೆಯ ಜೀವಾಳವೆಂದರೆ ಸಂಯೋಜನೆ. ಕಾಲೇಜಿನ ಒಡೆಯರು ಯಾರೇ ಆಗಿರಲಿ, ಪಾಠಪಟ್ಟಿಯೂ ಪರೀಕ್ಷೆಯೂ ಪದವಿಯೂ ವಿಶ್ವವಿದ್ಯಾನಿಲಯದವು. ೧೯೧೭ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಒಂದು ಕಡೆ, ೧೯೪೬ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಸ್ವಂತ ದ್ರವ್ಯದಿಂದ ಬಸವನಗುಡಿಯಲ್ಲಿ ಸ್ಥಾಪಿಸಿದ ಎಂಜಿನಿಯರಿಂಗ್ ಕಾಲೇಜು ಇನ್ನೊಂದು ಕಡೆ. ಎರಡನೆಯದನ್ನು ದೇಶದ ಮೊದಲ ಖಾಸಗಿ ಎಂಜಿನಿಯರಿಂಗ್ ಕಾಲೇಜೆಂದು ಹೇಳುವುದು ವಾಡಿಕೆ. ಆದರೂ ಎರಡರ ವಿದ್ಯಾರ್ಥಿಗಳೂ ಕೂತುದು ಮೈಸೂರು ವಿಶ್ವವಿದ್ಯಾನಿಲಯದ ಪರೀಕ್ಷೆಗೆ, ಪಡೆದುದು ಅದೇ ಪದವಿಯನ್ನು. ಬಸವನಗುಡಿಯ ನ್ಯಾಷನಲ್ ಕಾಲೇಜು ೧೯೪೫ರಲ್ಲಿ ಆರಂಭವಾದಾಗ ಅದೂ ಇದೇ ಕೊಡೆಯ ಕೆಳಗೆ ನಿಂತಿತು. ಖಾಸಗಿತನವು ಆಡಳಿತಕ್ಕೂ ಹಣಕ್ಕೂ ಸಂಬಂಧಪಟ್ಟುದಾಗಿತ್ತೇ ಹೊರತು ವಿದ್ಯೆಯ ಮಾನದಂಡಕ್ಕಲ್ಲ.

ಈ ಒಂದೇ ಕೊಡೆಯ ಫಲವಾಗಿ ನಡುವಣ ಹಾದಿಯೊಂದು ತಾನಾಗಿಯೇ ಏರ್ಪಟ್ಟಿತು. ಮೈಸೂರು ವಿಶ್ವವಿದ್ಯಾನಿಲಯವು ಮೊದಲು ಪ್ರವೇಶದ ಒಂದು ವರ್ಷ ಮತ್ತು ಪದವಿಯ ಮೂರು ವರ್ಷಗಳೆಂಬ ಕ್ರಮವನ್ನು ಹಿಡಿದು, ೧೯೨೦ರ ದಶಕದ ಉತ್ತರಾರ್ಧದಲ್ಲಿ ಅದನ್ನು ಬಿಟ್ಟು ಇಂಟರ್‌ಮೀಡಿಯೆಟ್ ಎರಡು ವರ್ಷ, ಬಿ.ಎ. ಅಥವಾ ಬಿ.ಎಸ್‌ಸಿ. ಎರಡು ವರ್ಷ ಎಂಬ ಕ್ರಮಕ್ಕೆ ಬಂದಿತು. ೧೯೧೭ರಿಂದ ೧೯೧೯ರ ವರೆಗೆ ಕೆಲಸ ಮಾಡಿದ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗವು, ಎಂದರೆ ಸ್ಯಾಡ್ಲರ್ ಆಯೋಗವು, ಇಂಟರ್‌ಮೀಡಿಯೆಟ್ ತರಗತಿಗಳನ್ನು ಬೇರೆ ಕಾಲೇಜುಗಳಲ್ಲಿ ನಡೆಸಬೇಕೆಂದು ಸೂಚಿಸಿದ್ದುದು ಇಲ್ಲಿ ಗಮನಾರ್ಹ. ಅದೇ ಜಾಡಿನಲ್ಲಿ ನಮ್ಮಲ್ಲಿಯೂ ಇಂಟರ್‌ಮೀಡಿಯೆಟ್ ಕಾಲೇಜುಗಳು ಎದ್ದುವು: ಬೆಂಗಳೂರಿನಲ್ಲಿ ೧೯೨೧ರದು, ಮೈಸೂರಿನಲ್ಲಿ ೧೯೨೮ರ ಯುವರಾಜಾ ಕಾಲೇಜು, ಶಿವಮೊಗ್ಗದಲ್ಲಿ ೧೯೪೦ರದು. ಮಲೆನಾಡಿನ ಹುಡುಗನು ಎರಡು ವರ್ಷ ಶಿವಮೊಗ್ಗದಲ್ಲಿ, ಮನೆಗೆ ಹತ್ತಿರವಾಗಿ, ಕಡಮೆ ವೆಚ್ಚದಲ್ಲಿ ಓದಿ, ಬಳಿಕ ಮೈಸೂರಿಗೋ ಬೆಂಗಳೂರಿಗೋ ಹೋಗಿ ಪದವಿಯ ತರಗತಿಗೆ ಸೇರುತ್ತಿದ್ದನು. ಅವನ ಎರಡು ವರ್ಷಗಳನ್ನು ಅಲ್ಲಗಳೆಯುವ ಮಾತೇ ಇರಲಿಲ್ಲ. ಕಳುಹಿಸಿದ ಮನೆಯೂ ಕರೆದುಕೊಂಡ ಮನೆಯೂ ಒಂದೇ ಕುಟುಂಬದವಾಗಿದ್ದುವು.

ಇದೇ ಹೊತ್ತಿಗೆ ಅಮೆರಿಕದಲ್ಲಿಯೂ ಇಂಥದೊಂದು ಏರ್ಪಾಡು ಬೆಳೆಯುತ್ತಿತ್ತು. ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬಲ್ಲಿ ೧೯೦೧ರಲ್ಲಿ, ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರರ ಪ್ರೇರಣೆಯಿಂದ ಜೂನಿಯರ್ ಕಾಲೇಜೊಂದು ತೆರೆಯಿತು. ಪದವಿಯ ಮೊದಲ ಎರಡು ವರ್ಷಗಳನ್ನು ಊರಿನಲ್ಲಿಯೇ ಓದಿ ಮುಂದಿನದಕ್ಕೆ ವಿಶ್ವವಿದ್ಯಾನಿಲಯಕ್ಕೆ ಹೋಗಬಹುದೆಂಬುದು ಅದರ ತತ್ತ್ವ. ಸಮುದಾಯ ಕಾಲೇಜೆಂಬ ಇಂದಿನ ಮಾತು ಈ ವಂಶದ್ದು. ಷಿಕಾಗೋ ಖಾಸಗಿ ವಿಶ್ವವಿದ್ಯಾನಿಲಯ, ಜೋಲಿಯೆಟ್ ಊರಿನ ತೆರಿಗೆಯಿಂದ ನಡೆಯುವ ಶಾಲೆ; ಎರಡರ ನಡುವೆ ಹಾದಿ ಏರ್ಪಟ್ಟುದು ಒಪ್ಪಂದದಿಂದ. ಮುಂದೆ ೧೯೬೦ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತವು ಒಂದು ಸಮಗ್ರಯೋಜನೆಯನ್ನು ರಚಿಸಿ, ಎರಡು ವರ್ಷದ ಕಾಲೇಜಿನಲ್ಲಿ ಯೋಗ್ಯತೆ ತೋರಿದವನಿಗೆ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಮೂರನೆಯ ವರ್ಷದ ಸ್ಥಾನವನ್ನು ನೀತಿಯಾಗಿ ಕಲ್ಪಿಸಿತು. ಖಾಸಗಿಯವಕ್ಕೆ ಆ ಕಟ್ಟು ಇಲ್ಲ. ಅವು ತಮಗೆ ಬೇಕಾದವರನ್ನು ಕರೆದುಕೊಳ್ಳುತ್ತವೆ. ಅಲ್ಲಿ ಒಪ್ಪಂದ ಮತ್ತು ಯೋಜನೆಗಳಿಂದ ಆಗಬೇಕಾದ ಕೆಲಸವು ನಮ್ಮಲ್ಲಿ ಸಂಯೋಜನೆಯೊಂದರಿಂದಲೇ ಆಗುತ್ತಿತ್ತೆಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ. ನಾವು ಅದನ್ನು ಒಂದು ಸೌಲಭ್ಯವೆಂದು ಗುರುತಿಸಲೇ ಇಲ್ಲ. ಸುಲಭವಾಗಿ ದೊರೆತುದರ ಬೆಲೆ ತಿಳಿಯದಿರುವುದು ಲೋಕಸ್ವಭಾವ.

ಇಂಟರ್‌ಮೀಡಿಯೆಟ್ಟು ೧೯೫೦ರ ದಶಕದಲ್ಲಿ ಅಳಿದು ಪಿ.ಯು.ಸಿ. ಬಂದಿತು, ೧೯೭೦ರ ದಶಕದಲ್ಲಿ ಪಿ.ಯು.ಸಿ.ಯು ಎರಡು ವರ್ಷದ್ದಾಗಿ ವಿಶ್ವವಿದ್ಯಾನಿಲಯದ ಕೈಬಿಟ್ಟು ಸರ್ಕಾರದ ಇಲಾಖೆಗೆ ಸೇರಿತು. ಜೂನಿಯರ್ ಕಾಲೇಜೆಂಬ ಹೆಸರು ಮಾತ್ರ ನಮ್ಮ ಊರೂರಿನ ಫಲಕಗಳಲ್ಲಿ ಉಳಿಯಿತು, ಅದರ ಅರ್ಥ ಉಳಿಯಲಿಲ್ಲ. ಅಮೆರಿಕದ ಜೂನಿಯರ್ ಕಾಲೇಜು ಪದವಿಯ ಅರ್ಧ; ನಮ್ಮದು ಪದವಿಯ ಹೊಸ್ತಿಲಿನ ಹೊರಗಣ ಜಗಲಿ. ಈ ಬದಲಾವಣೆಯ ಪರಿಣಾಮವನ್ನು ಯಾರೂ ಹೆಚ್ಚಾಗಿ ವಿಚಾರಿಸಿದಂತೆ ತೋರುವುದಿಲ್ಲ. ಪದವಿಯು ಇಡಿಯಾದ ಒಂದೇ ಗಂಟಾಯಿತು. ಅದನ್ನು ನಡುವೆ ಇಳಿಸಿ ಇನ್ನೊಂದೆಡೆ ಎತ್ತಿಕೊಳ್ಳುವ ಕಟ್ಟೆ ಹೋಯಿತು. ಬೆಂಗಳೂರಿನ ೧೯೨೧ರ ಆ ಇಂಟರ್‌ಮೀಡಿಯೆಟ್ ಕಾಲೇಜು ಸರ್ಕಾರಿ ವಿಜ್ಞಾನ ಕಾಲೇಜಾಗಿ ಬೆಳೆದು ಈಗ ನೃಪತುಂಗ ವಿಶ್ವವಿದ್ಯಾನಿಲಯವಾಗಿದೆ. ದಾಟಿಸುತ್ತಿದ್ದ ಶಾಲೆಯೇ ತಂಗುವ ಮನೆಯಾದುದು ಈ ಚರಿತ್ರೆಯ ಒಂದು ವಿನೋದ.

೪

ಕೊಡೆಯು ಹರಿದುದು ಮೂರು ಹಂತಗಳಲ್ಲಿ. ಮೊದಲನೆಯದು ಸರ್ಕಾರವೇ ಮಾಡಿದ ವಿಭಾಗ. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ, ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ. ಅದೇ ೧೯೬೪ರಲ್ಲಿ ಹೆಬ್ಬಾಳದಲ್ಲಿ ಅಮೆರಿಕದ ಭೂದಾನ ವಿಶ್ವವಿದ್ಯಾನಿಲಯಗಳ ಮಾದರಿಯ ಕೃಷಿ ವಿಶ್ವವಿದ್ಯಾನಿಲಯ. ೧೯೯೬ರಲ್ಲಿ ವೈದ್ಯಕ್ಕೆ ಬೇರೆ, ೧೯೯೮ರಲ್ಲಿ ಎಂಜಿನಿಯರಿಂಗಿಗೆ ಬೆಳಗಾವಿಯಲ್ಲಿ ಬೇರೆ. ೨೦೧೭ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಮೂರು ಪಾಲಾಗಿ, ಸೆಂಟ್ರಲ್ ಕಾಲೇಜಿನ ಆವರಣವು ನಗರ ವಿಶ್ವವಿದ್ಯಾನಿಲಯಕ್ಕೂ, ಕೋಲಾರದ ಕಡೆಯ ಭಾಗವು ಉತ್ತರ ವಿಶ್ವವಿದ್ಯಾನಿಲಯಕ್ಕೂ ಹೋದುವು. ಇವೆಲ್ಲವೂ ಸರ್ಕಾರಿಯೇ. ಆದರೂ ಒಂದರ ವಿದ್ಯಾರ್ಥಿ ಇನ್ನೊಂದಕ್ಕೆ ಹೋಗಬೇಕಾದರೆ ಮೈಗ್ರೇಷನ್ ಸರ್ಟಿಫಿಕೇಟು, ಪಾಠಪಟ್ಟಿಯ ಸಮಾನತೆ ಮುಂತಾದ ಸುಂಕದ ಕಟ್ಟೆಗಳನ್ನು ದಾಟಬೇಕು. ಸರ್ಕಾರಿಯೆಂಬ ಒಂದೇ ಮಾತಿನಿಂದ ಹಾದಿ ತೆರೆಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ಹಣದ ಪ್ರಶ್ನೆ. ೧೯೫೩ರಲ್ಲಿ ಮಣಿಪಾಲದಲ್ಲಿ ಟಿ. ಎಂ. ಎ. ಪೈ ಅವರು ಖಾಸಗಿ ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ, ಸರ್ಕಾರದ ನೆರವಿಲ್ಲದೆ ವಿದ್ಯಾರ್ಥಿಗಳ ಹಣದಿಂದಲೇ ಕಾಲೇಜು ನಡೆಸಬಹುದೆಂಬುದು ಸಿದ್ಧವಾಯಿತು. ಮುಂದಿನ ದಶಕಗಳಲ್ಲಿ ಆ ಮಾರ್ಗದಲ್ಲಿ ನಡೆದವರೆಲ್ಲರೂ ಮಣಿಪಾಲದವರಷ್ಟು ವಿದ್ಯಾಸಕ್ತರಾಗಿದ್ದರೆಂದು ಹೇಳಲಾಗದು. ಕ್ಯಾಪಿಟೇಷನ್ ಎಂಬ ಮಾತು ಕನ್ನಡದ ಮಾತೇ ಆಗಿಹೋಯಿತು. ೧೯೮೪ರಲ್ಲಿ ಕರ್ನಾಟಕವು ಅದನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಆದರೆ ೧೯೮೯ರ ಸರ್ಕಾರಿ ಪ್ರಕಟಣೆಯು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸ್ಥಾನಕ್ಕೆ ವರ್ಷಕ್ಕೆ ೨,೦೦೦ ರೂಪಾಯಿ, ರಾಜ್ಯದ ಇತರರಿಗೆ ೨೫,೦೦೦ ರೂಪಾಯಿಯವರೆಗೆ, ಹೊರರಾಜ್ಯದವರಿಗೆ ೬೦,೦೦೦ ರೂಪಾಯಿಯವರೆಗೆ ಎಂದು ಶುಲ್ಕವನ್ನು ಗೊತ್ತುಮಾಡಿತು. ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುವ ಮೂವರಿಗೆ ಮೂರು ಬೆಲೆ! ನಾಗಸಂದ್ರದ ಮುಂದೆ ಹಾಯುವ ಇದೇ ಹೆದ್ದಾರಿಯ ಕೊನೆಯಲ್ಲಿ, ತುಮಕೂರಿನ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನ ಪ್ರವೇಶವನ್ನು ಕುರಿತು ಎದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೨ರಲ್ಲಿ ತೀರ್ಪಿತ್ತು, ಕ್ಯಾಪಿಟೇಷನ್ ಶುಲ್ಕವು ಸಂವಿಧಾನಕ್ಕೆ ವಿರುದ್ಧವೆಂದಿತು. ಇದೇ ಮೋಹಿನಿ ಜೈನ್ ಮೊಕದ್ದಮೆ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಸ್ಥಾನಗಳನ್ನು ಅರ್ಧಕ್ಕರ್ಧ ಹಂಚಿ, ಅರ್ಧ ಕಡಮೆ ಶುಲ್ಕಕ್ಕೆ, ಅರ್ಧ ಹೆಚ್ಚಿನ ಶುಲ್ಕಕ್ಕೆ ಎಂದು ಏರ್ಪಡಿಸಿತು. ೧೯೯೪ರಿಂದ ರಾಜ್ಯದ ಸಿ.ಇ.ಟಿ. ವ್ಯವಸ್ಥೆ ಈ ಹಂಚಿಕೆಯನ್ನು ನಡೆಸಿತು. ೨೦೦೨ರಲ್ಲಿ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ಆ ಹಂಚಿಕೆಯ ಯೋಜನೆಯನ್ನು ತಳ್ಳಿಹಾಕಿ, ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಎತ್ತಿಹಿಡಿದು, ಲಾಭಕೋರತನವನ್ನು ಮಾತ್ರ ತಡೆಯಿತು. ಭಾರತದ ಖಾಸಗಿ ವಿದ್ಯಾಸಂಸ್ಥೆಗಳ ನ್ಯಾಯಶಾಸ್ತ್ರದ ಹೆಚ್ಚು ಭಾಗವು ಕನ್ನಡನಾಡಿನ ಕಾಲೇಜುಗಳ ಜಗಳದಿಂದ ಹುಟ್ಟಿತೆಂಬುದನ್ನು ಹೆಮ್ಮೆಯಿಂದ ಹೇಳಬೇಕೋ ಬೇರೆ ರೀತಿಯಿಂದ ಹೇಳಬೇಕೋ ವಾಚಕರೇ ನಿಶ್ಚಯಿಸಲಿ.

ಮೂರನೆಯದೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಹಣವು ಖಾಸಗಿಯದಾದರೂ ಪದವಿಯು ಅಲ್ಲಿಯ ತನಕ ಸಾರ್ವಜನಿಕವಾಗಿಯೇ ಇದ್ದಿತು. ಪರಿಗಣಿತ ವಿಶ್ವವಿದ್ಯಾನಿಲಯಗಳು ಅದಕ್ಕೆ ಮೊದಲ ಹೊರಬಾಗಿಲು: ಮಣಿಪಾಲ ೧೯೯೩ರಲ್ಲಿ, ಬೆಂಗಳೂರಿನ ಕ್ರೈಸ್ಟ್ ಕಾಲೇಜು ೨೦೦೮ರಲ್ಲಿ. ಆ ಬಳಿಕ ವಿಧಾನಮಂಡಲವೇ ಒಂದೊಂದು ಸಂಸ್ಥೆಗೆ ಒಂದೊಂದು ಕಾಯಿದೆಯನ್ನು ಮಾಡಿ ಖಾಸಗಿ ವಿಶ್ವವಿದ್ಯಾನಿಲಯಗಳನ್ನು ಹುಟ್ಟಿಸತೊಡಗಿತು: ೨೦೧೦ರಲ್ಲಿ ಅಜೀಂ ಪ್ರೇಮ್‌ಜಿ ಮತ್ತು ಅಲಯನ್ಸ್, ಆಮೇಲಣ ಎರಡು ಮೂರು ವರ್ಷಗಳಲ್ಲಿ ಯಲಹಂಕದ ರೇವಾ, ಪಿ.ಇ.ಎಸ್., ರಾಮಯ್ಯ, ಪ್ರೆಸಿಡೆನ್ಸಿ. ಹುಬ್ಬಳ್ಳಿಯಲ್ಲಿ ೧೯೪೭ರಿಂದ ಎಂಜಿನಿಯರುಗಳನ್ನು ತಯಾರಿಸುತ್ತಿದ್ದ ಬಿ.ವಿ.ಬಿ. ಕಾಲೇಜು ಕೂಡ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾನಿಲಯವಾಯಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೦೩ರ ನಿಯಮಗಳ ಪ್ರಕಾರ ಖಾಸಗಿ ವಿಶ್ವವಿದ್ಯಾನಿಲಯವು ಏಕಾಂಗಿಯಾಗಿರತಕ್ಕದ್ದು. ಬೇರೆ ಕಾಲೇಜುಗಳನ್ನು ಸಂಯೋಜಿಸಿಕೊಳ್ಳುವ ಅಧಿಕಾರ ಅದಕ್ಕಿಲ್ಲ. ಪದವಿಯ ಮಾರಾಟವನ್ನು ತಡೆಯಬೇಕೆಂಬ ಸದುದ್ದೇಶದ ನಿಯಮವಿದು. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಸರ್ಕಾರಿ ವಿಶ್ವವಿದ್ಯಾನಿಲಯವು ಹತ್ತು ಮನೆಗಳ ಹಿರಿಯನಿದ್ದಂತೆ; ಖಾಸಗಿಯದು ಗೋಡೆಯಿರುವ ಒಂದು ಮನೆ. ಅದರೊಳಗೆ ಪಾಠಪಟ್ಟಿಯನ್ನು ಬೇಗ ಬದಲಿಸಬಹುದು, ಪರೀಕ್ಷೆಯನ್ನು ಹೊತ್ತಿಗೆ ಸರಿಯಾಗಿ ನಡೆಸಬಹುದು, ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಹೊರಗಿನಿಂದ ನಡುವೆ ಬರುವವನಿಗೆ ಮಾತ್ರ ಆ ಗೋಡೆ ಗೋಡೆಯೇ.

ರಾಮಯ್ಯ ಸಂಸ್ಥೆಗಳ ನಿದರ್ಶನವನ್ನೇ ತೆಗೆದುಕೊಳ್ಳಬಹುದು. ಮತ್ತೀಕೆರೆಯ ಕಡೆಯ ಎಂ. ಎಸ್. ರಾಮಯ್ಯ ತಾಂತ್ರಿಕ ವಿದ್ಯಾಲಯವು ೧೯೬೨ರದು. ೧೯೯೮ರ ಬಳಿಕ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಸಂಯೋಜನೆಗೆ ಸೇರಿ ಮುಂದೆ ಸ್ವಾಯತ್ತವಾಯಿತು. ಅದೇ ರಾಮಯ್ಯನವರ ಹೆಸರಿನ ವಿಶ್ವವಿದ್ಯಾನಿಲಯವು ೨೦೧೩ರ ಕಾಯಿದೆಯಿಂದ ಹುಟ್ಟಿದುದು; ಅದರ ಎಂಜಿನಿಯರಿಂಗ್ ತರಗತಿಗಳು ಪೀಣ್ಯದಲ್ಲಿ ನಡೆಯುತ್ತವೆ. ಎರಡು ಆವರಣಗಳ ನಡುವಣ ದೂರ ಕೆಲವೇ ಮೈಲಿ, ಸ್ಥಾಪಕರ ಹೆಸರೂ ಒಂದೇ. ಪದವಿಪತ್ರದ ಮೇಲಣ ಮುದ್ರೆಗಳು ಮಾತ್ರ ಎರಡು, ಪಾಠಪಟ್ಟಿಗಳು ಎರಡು. ಇಲ್ಲಿಂದ ಅಲ್ಲಿಗೆ ನಡುವರ್ಷದಲ್ಲಿ ಹೋಗತಕ್ಕವನು ಎರಡು ರಾಜ್ಯಗಳ ಗಡಿಯನ್ನು ದಾಟಿದಂತೆಯೇ ಸರಿ. ಸರ್ಕಾರಿ, ಖಾಸಗಿ ಎಂಬ ಭೇದದಿಂದ ಇದನ್ನು ವಿವರಿಸಲಾಗದು, ಎರಡೂ ಖಾಸಗಿಯೇ. ಸಂಯೋಜನೆಯ ಒಳಗೋ ಹೊರಗೋ ಎಂಬುದೇ ಇಲ್ಲಿ ನಿರ್ಣಾಯಕ.

ಹಳೆಯ ಕೊಡೆಯನ್ನು ಹೊಗಳುತ್ತಿದ್ದೇವೆಂದು ಯಾರೂ 뭪ಭಾವಿಸಬಾರದು. ಅದರ ದೋಷಗಳು ಅನೇಕ. ನೂರಾರು ಕಾಲೇಜುಗಳ ಪರೀಕ್ಷೆಯ ಭಾರದಲ್ಲಿ ವಿಶ್ವವಿದ್ಯಾನಿಲಯಗಳು ಬೋಧನೆಯನ್ನೂ ಸಂಶೋಧನೆಯನ್ನೂ ಮರೆತುವು. ಸಮರ್ಥ ಉಪಾಧ್ಯಾಯನಿಗೂ ಪಾಠಪಟ್ಟಿಯಲ್ಲಿ ಒಂದು ಸಾಲನ್ನು ಬದಲಿಸುವ ಸ್ವಾತಂತ್ರ್ಯವಿರಲಿಲ್ಲ. ವಿಶ್ವೇಶ್ವರಯ್ಯನವರ ೧೯೧೭ರ ಎಂಜಿನಿಯರಿಂಗ್ ಕಾಲೇಜು, ಸರ್ಕಾರಿಯಾಗಿಯೇ ಉಳಿದು, ೨೦೨೧ರ ಪ್ರತ್ಯೇಕ ಕಾಯಿದೆಯಿಂದ ಬೆಂಗಳೂರು ವಿಶ್ವವಿದ್ಯಾನಿಲಯದ ಹೊರಕ್ಕೆ ಬಂದಿತೆಂದಮೇಲೆ ಕೊಡೆಯ ಕೆಳಗೆ ಉಸಿರು ಕಟ್ಟುತ್ತಿದ್ದುದು ಖಾಸಗಿಯವರಿಗೆ ಮಾತ್ರವಲ್ಲವೆಂಬುದು ವಿದಿತವಾಗುತ್ತದೆ.

೫

ಇನ್ನು ನಾಗಸಂದ್ರದ ಡಿಪ್ಲೊಮಾ ವಿದ್ಯಾರ್ಥಿನಿಯ ಕಡೆಗೆ ಬರೋಣ. ಇಂಟರ್‌ಮೀಡಿಯೆಟ್ ಅಳಿದ ಮೇಲೆ ನಮ್ಮಲ್ಲಿ ಉಳಿದಿರುವ ನಿಜವಾದ ನಡುವಣ ಹಾದಿಯೆಂದರೆ ಪಾಲಿಟೆಕ್ನಿಕ್ಕಿನದು. ಬೆಂಗಳೂರಿನಲ್ಲಿ ೧೯೪೩ರಲ್ಲಿ ತೆರೆದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟು, ಇಂದಿನ ಎಸ್. ಜೆ. ಪಾಲಿಟೆಕ್ನಿಕ್ಕು, ಈ ಬಗೆಯ ಶಾಲೆಗಳಲ್ಲಿ ಹಿರಿಯದು. ಪದವಿಗೆ ಕಳುಹಿಸುವುದು ಅದರ ಉದ್ದೇಶವಾಗಿರಲಿಲ್ಲ. ಕಾರ್ಖಾನೆಗೆ ಬೇಕಾದ ಕುಶಲರನ್ನು ತಯಾರಿಸುವುದು ಅದರ ಕೆಲಸ. ಜಾಲಹಳ್ಳಿಯಲ್ಲಿ ೧೯೫೦ರ ದಶಕದ ಮೊದಲಲ್ಲಿ ಎಚ್.ಎಂ.ಟಿ. ಮತ್ತು ಬಿ.ಇ.ಎಲ್. ಕಾರ್ಖಾನೆಗಳು ಬಂದುವು, ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಡಿಪ್ಲೊಮಾ ಪಡೆದವರು ಹಗಲು ಅಲ್ಲಿ ದುಡಿದು, ಸಂಜೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿಯೋ ಬಿ.ಎಂ.ಎಸ್.ನ ಸಂಜೆಯ ಕಾಲೇಜಿನಲ್ಲಿಯೋ ಓದಿ ಪದವೀಧರರಾದರು. ಪಾಳಿ ಮುಗಿಸಿ, ಎಣ್ಣೆಯ ಕೈ ತೊಳೆದು, ಬಸ್ಸಿನಲ್ಲಿ ನಿಂತು ತರಗತಿಗೆ ಬರುತ್ತಿದ್ದ ಆ ತಲೆಮಾರಿನ ಚರಿತ್ರೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳ ಸ್ಮರಣ ಸಂಪುಟಗಳಲ್ಲಿ ಹುಡುಕಬೇಕಾಗಿದೆ.

ಹಗಲಿನ ಹಾದಿಗೆ ಇಂದು ಜನ ಲ್ಯಾಟರಲ್ ಎಂಟ್ರಿಯೆನ್ನುತ್ತಾರೆ. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಎಂಬ ಪರೀಕ್ಷೆಯನ್ನು ಬರೆದು, ದರ್ಜೆಗೆ ಅನುಸಾರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ, ಎಂದರೆ ಮೂರನೆಯ ಸೆಮಿಸ್ಟರಿಗೆ, ನೇರವಾಗಿ ಸೇರುತ್ತಾರೆ. ಪರೀಕ್ಷೆಯನ್ನು ನಡೆಸುವುದೂ ಸ್ಥಾನವನ್ನು ಹಂಚುವುದೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಸರ್ಕಾರಿ ಕಾಲೇಜು, ಅನುದಾನಿತ ಕಾಲೇಜುಗಳಲ್ಲದೆ ಖಾಸಗಿ ಕಾಲೇಜುಗಳಲ್ಲಿ ಸರ್ಕಾರದ ಪಾಲಿನ ಸ್ಥಾನಗಳೂ ಈ ಹಂಚಿಕೆಯಲ್ಲಿ ಸೇರುತ್ತವೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಹಾದಿಯನ್ನು ಯಾವ ವಿಶ್ವವಿದ್ಯಾನಿಲಯವೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ತಾನಾಗಿ ಕಟ್ಟಿದುದಲ್ಲ. ಕಾಲೇಜಿನ ಬಾಗಿಲಿನಲ್ಲಿ ಇಷ್ಟು ಸ್ಥಾನ ಡಿಪ್ಲೊಮಾದವರಿಗೆ ಎಂದು ಮೇಲಿನಿಂದ ಕಟ್ಟು ಮಾಡಿದುದರಿಂದ ಅದು ನಿಂತಿದೆ. ಒಪ್ಪಂದಗಳನ್ನು ಸಂಸ್ಥೆಗಳ ಮರ್ಜಿಗೆ ಬಿಟ್ಟಿದ್ದರೆ ಪೀಣ್ಯದ ಮಕ್ಕಳಲ್ಲಿ ಎಷ್ಟು ಮಂದಿಗೆ ಕರೆ ಬರುತ್ತಿತ್ತೋ ಊಹಿಸುವುದು ಕಷ್ಟವಲ್ಲ.

ಹಾಗೆಂದು ಹಾದಿ ಸಮವಾಗಿಲ್ಲ. ಮೂರು ವರ್ಷ ಓದಿ ಬಂದವಳಿಗೆ ಲೆಕ್ಕಕ್ಕೆ ಸಿಗುವುದು ಪದವಿಯ ಒಂದೇ ವರ್ಷ. ಪಿ.ಯು.ಸಿ.ಯ ಗಣಿತವನ್ನು ಓದದೆ ಬಂದವಳಾದುದರಿಂದ, ಬೆಳಗಾವಿಯ ವಿಶ್ವವಿದ್ಯಾನಿಲಯವು ಇಂಥವರಿಗೆಂದು ಹೆಚ್ಚುವರಿ ಗಣಿತದ ಪಾಠಗಳನ್ನು ಇಡುತ್ತ ಬಂದಿದೆ. ಉತ್ತೀರ್ಣರಾಗುವುದು ಕಡ್ಡಾಯ, ಅದರಿಂದ ಕ್ರೆಡಿಟ್ಟಿಲ್ಲ. ಯಂತ್ರವನ್ನು ಬಿಚ್ಚಿ ಜೋಡಿಸುವುದರಲ್ಲಿ ಪಿ.ಯು.ಸಿ.ಯಿಂದ ಬಂದ ಸಹಪಾಠಿಗಳಿಗಿಂತ ಅವಳು ಮುಂದು. ಅದಕ್ಕೆ ಲೆಕ್ಕವೇ ಇಲ್ಲ. ಉಪಾಧ್ಯಾಯರಾಗಿರುವ ವಾಚಕರು ಈ ಅಸಮತೆಯನ್ನು ತರಗತಿಗಳಲ್ಲಿ ಕಂಡೇ ಇರುತ್ತಾರೆ. ಭಾಷೆಯ ಮಾತೂ ಉಂಟು. ಕನ್ನಡದಲ್ಲಿ ಎಸ್.ಎಸ್.ಎಲ್.ಸಿ. ಓದಿ ಪಾಲಿಟೆಕ್ನಿಕ್ಕಿಗೆ ಹೋದವರೇ ಈ ಹಾದಿಯಲ್ಲಿ ಬರುವವರಲ್ಲಿ ಬಹಳವಾಗಿ ಕಾಣುತ್ತಾರೆ. ಪದವಿಯ ತರಗತಿಯಲ್ಲಿ ಅವರು ಎಡವುವುದು ಹಲವೊಮ್ಮೆ ವಿಷಯದಲ್ಲಲ್ಲ, ಇಂಗ್ಲಿಷಿನಲ್ಲಿ.

ಸಮುದಾಯ ಕಾಲೇಜೆಂಬ ಹೆಸರಿನಲ್ಲಿಯೇ ನಮ್ಮ ದೇಶದಲ್ಲಿ ಪ್ರಯತ್ನಗಳು ನಡೆದಿವೆ. ಅನುದಾನ ಆಯೋಗವು ೨೦೧೩ರಲ್ಲಿ ಯೋಜನೆಯೊಂದನ್ನು ಹೊರಡಿಸಿ, ಇದ್ದ ಕಾಲೇಜು ಪಾಲಿಟೆಕ್ನಿಕ್ಕುಗಳಲ್ಲಿಯೇ ಇಂಥ ತರಗತಿಗಳನ್ನು ತೆರೆಯಲು ಹಣ ಕೊಟ್ಟಿತು, ಮರುವರ್ಷ ಬಿ.ವೊಕ್. ಎಂಬ ಪದವಿಯೂ ಬಂದಿತು. ಅಮೆರಿಕದಿಂದ ಹೆಸರೂ ಕಸಬಿನ ಶಿಕ್ಷಣದ ಭಾಗವೂ ಬಂದುವು. ಮೂರನೆಯ ವರ್ಷಕ್ಕೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲೇಬೇಕೆಂಬ ಕಟ್ಟು ಮಾತ್ರ ಹಡಗು ಹತ್ತಲಿಲ್ಲ. ಆದುದರಿಂದ ಅವು ಹಾದಿಯಾಗದೆ, ಸರ್ಟಿಫಿಕೇಟು ಕೊಡುವ ಶಾಲೆಗಳಾಗಿಯೇ ಹೆಚ್ಚಾಗಿ ಉಳಿದುವು. ಈ ವಿಷಯದಲ್ಲಿ ೧೯೪೦ರ ಶಿವಮೊಗ್ಗದ ಇಂಟರ್‌ಮೀಡಿಯೆಟ್ ಕಾಲೇಜು ೨೦೧೩ರ ಸಮುದಾಯ ಕಾಲೇಜಿಗಿಂತ ಜೋಲಿಯೆಟ್ಟಿಗೆ ಹತ್ತಿರವಾಗಿತ್ತೆಂದು ಹೇಳಲು ನಾವು ಅಂಜುವುದಿಲ್ಲ.

೨೦೨೧ರ ಜುಲೈಯಲ್ಲಿ ಅನುದಾನ ಆಯೋಗವು ಕ್ರೆಡಿಟ್ಟುಗಳ ಬ್ಯಾಂಕೊಂದನ್ನು ನಿಯಮಪೂರ್ವಕವಾಗಿ ಏರ್ಪಡಿಸಿತು. ವಿದ್ಯಾರ್ಥಿಯು ಒಂದೆಡೆ ಗಳಿಸಿದುದನ್ನು ಖಾತೆಯಲ್ಲಿಟ್ಟು ಇನ್ನೊಂದೆಡೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಉಪಯೋಗಿಸಿಕೊಳ್ಳಬಹುದೆಂಬುದು ಅದರ ಆಶಯ. ಹರಿದ ಕೊಡೆಗೆ ಬದಲಾಗಿ ಪ್ರತಿಯೊಬ್ಬನ ಕೈಗೂ ಒಂದೊಂದು ಪಾಸ್‌ಬುಕ್ಕನ್ನು ಕೊಟ್ಟಂತಾಯಿತು. ಪಾಸ್‌ಬುಕ್ಕಿನಲ್ಲಿ ಹಣವಿದ್ದರೂ ಅಂಗಡಿಯವನು ಕದ ತೆರೆಯಬೇಕಷ್ಟೆ. ಖಾತೆಯ ಕ್ರೆಡಿಟ್ಟನ್ನು ಒಪ್ಪುವ ಅಧಿಕಾರವು ಪದವಿ ಕೊಡುವ ಸಂಸ್ಥೆಯದಾಗಿಯೇ ಇರುವ ತನಕ, ಕರೆದುಕೊಳ್ಳತಕ್ಕ ಕರ್ತವ್ಯ ಯಾರದೆಂಬ ಪ್ರಶ್ನೆಗೆ ಉತ್ತರ ದೊರೆತಂತಾಗಲಿಲ್ಲ.

ಅದೇ ವರ್ಷ ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಹಿಡಿದು ಪದವಿಯನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸಿ, ನಡುವೆ ಒಂದೊಂದು ವರ್ಷಕ್ಕೂ ಸರ್ಟಿಫಿಕೇಟೋ ಡಿಪ್ಲೊಮಾವೋ ಹಿಡಿದು ಹೊರಡಬಹುದೆಂದು ಕಟ್ಟೆಗಳನ್ನಿಟ್ಟಿತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ ೨೦೨೪ರಲ್ಲಿ ಸರ್ಕಾರವು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ೧೯೧೬ರಲ್ಲಿ ಮೂರು, ಇಂಟರ್‌ಮೀಡಿಯೆಟ್ಟಿನ ಮೇಲೆ ಎರಡು, ಪುನಃ ಮೂರು, ೨೦೨೧ರಲ್ಲಿ ನಾಲ್ಕು, ಇದೀಗ ಮೂರು. ಖಾಸಗಿ ವಿಶ್ವವಿದ್ಯಾನಿಲಯಗಳಿಗೆ ತಮ್ಮ ಪದವಿಯ ರೂಪವನ್ನು ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯ ಹೆಚ್ಚಾದುದರಿಂದ, ಒಂದೇ ನಗರದಲ್ಲಿ ಮೂರು ವರ್ಷದ ಪದವಿಯೂ ನಾಲ್ಕು ವರ್ಷದ ಪದವಿಯೂ ಮಗ್ಗುಲುಮಗ್ಗುಲಾಗಿ ನಡೆಯತೊಡಗಿವೆ. ಅವುಗಳ ನಡುವೆ ಎರಡನೆಯ ವರ್ಷದಲ್ಲಿ ದಾಟಬೇಕೆನ್ನುವವನ ಪಾಠಪಟ್ಟಿಯನ್ನು ಹಿಡಿದು ಸಾಲುಸಾಲಾಗಿ ಹೋಲಿಸಿ ಸಮಾನತೆಯನ್ನು ಬರೆದುಕೊಡತಕ್ಕ ಕೆಲಸವು ಈಗ ಆಯಾ ವಿಶ್ವವಿದ್ಯಾನಿಲಯದ ಕುಲಸಚಿವರ ಕಛೇರಿಗೆ ಬಂದು ಬಿದ್ದಿದೆ.